ಗಾಡಿಯ ಸೌಂಡು, ಹಸುವಿನ ಕಿವಿ, ಅಮ್ಮನ ಮಾತು

ಹೋದ ತಿಂಗಳು ಕೆಚ್ಚಲು ಬಾವಿನ ಕೇಸೊಂದಕ್ಕೆ ಹೋಗಿದ್ದೆ. ಹಸುವಿಗೆ ಇಂಜೆಕ್ಷನ್ ಕೊಟ್ಟು, ಕೈ ತೊಳೆದುಕೊಂಡು ಚೀಟಿ ಬರೆಯುತ್ತಿದ್ದಾಗ ಮನೆಯ ಯಜಮಾನಿ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಡಾಕ್ಟ್ರಮ್ಮ, ನನ್ ಮಗ ಈಗ ಬತ್ತಾನೆ. ಗಾಡಿಗೆ ಹಾಕಿಸಿರೋ ಸೌಂಡಿಗೇ ಹಸ ಹಾಲು ಇಳಿಸ್ತಿಲ್ಲ, ಕೆಚ್ಚಲು ಬಾವು ಬಂದಿರೋದೂ ಅದ್ಕೇ ಅಂತ ಒಂದ್ ಮಾತು ಹೇಳ್ಬುಡಿ. ನಾನು ಹೇಳುದ್ರೆ ಕೇಳಕಿಲ್ಲ. ನೀವು ಹೇಳುದ್ರೆ ಕೇಳ್ತಾನೆ."

ಅಂಗಳದಲ್ಲಿ ಮಗನ ಪಿಕಪ್ ನಿಂತಿತ್ತು. ಬೆಳಗ್ಗೆ, ಸಂಜೆ ಸಂಘದ ಹಾಲಿನ ಕ್ಯಾನುಗಳನ್ನು ಬಿಎಂಸಿ ಕೇಂದ್ರಕ್ಕೆ ಮುಟ್ಟಿಸುವುದು ಅದರ ಕೆಲಸ. ಉಳಿದ ಹೊತ್ತಿನಲ್ಲಿ ಟೊಮೆಟೊ, ಒಣಹುಲ್ಲು, ಒಮ್ಮೊಮ್ಮೆ ದನ. ಕಂಪನಿಯಿಂದ ಬಂದಿದ್ದ ಸೆಟ್ಟು ಸಣ್ಣದು: ಎರಡು ಬಾಗಿಲಿಗೆ ಎರಡು ಸ್ಪೀಕರ್, ನಡುವೆ ಒಂದು ಸಾದಾ ಡೆಕ್. ಹುಡುಗ ಅದನ್ನು ತೆಗೆಸಿ ಟಚ್ ಸ್ಕ್ರೀನ್ ಹಾಕಿಸಿದ್ದ. ಸೀಟಿನ ಕೆಳಗೆ ಆಂಪ್ಲಿಫೈಯರ್ ಇಡಿಸಿದ್ದ. ಕ್ಯಾಬಿನ್ನಿನಲ್ಲಿ ಜಾಗ ಸಾಲದ್ದಕ್ಕೆ ಹಿಂದಿನ ಬಾಡಿಯಲ್ಲಿ ಕಬ್ಬಿಣದ ಫ್ರೇಮ್ ಹೊಡೆಸಿ ಎರಡು ದೊಡ್ಡ ವೂಫರ್ ಪೆಟ್ಟಿಗೆ ಕೂರಿಸಿದ್ದ. ಎಲ್ಲಾ ಸೇರಿ 38,000 ರೂಪಾಯಿ. ದುಡ್ಡು ಹಾಲಿನ ಬಟವಾಡೆಯದು.

ಆ ತಾಯಿ ಕೇಳಿದ ಮಾತನ್ನು ನಾನು ಹಾಗೆಯೇ ಹೇಳಲಿಲ್ಲ. ಅದರಲ್ಲಿ ಸ್ವಲ್ಪ ನಿಜವಿತ್ತು, ಸ್ವಲ್ಪ ಸುಳ್ಳಿತ್ತು. ಆ ಹಸುವಿಗೆ ಕೆಚ್ಚಲು ಬಾವು ಬರಲು ನನಗೆ ಕಂಡ ಕಾರಣವೇ ಬೇರೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಇದು ಒಂದು ಮನೆಯ ಕಥೆಯಲ್ಲ. ಪಿಕಪ್ ಇರುವ ಹತ್ತು ಮನೆಗೆ ಹೋದರೆ ನಾಲ್ಕೈದು ಮನೆಯಲ್ಲಾದರೂ ಈ ಜಗಳ ನೋಡುತ್ತೇನೆ. ಆದ್ದರಿಂದ ಹಸುವಿನ ವಿಷಯದಲ್ಲಿ ಯಾವುದು ನಿಜ, ಗಾಡಿಯ ವಿಷಯದಲ್ಲಿ ಯಾವುದು ಸರಿ, ದುಡ್ಡಿನ ವಿಷಯದಲ್ಲಿ ಯಾರ ಮಾತು ನಡೆಯಬೇಕು ಎಂಬ ಮೂರನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಹಸುವಿಗೆ ಏನು ಕೇಳಿಸುತ್ತದೆ

ಮೊದಲು ಸುಳ್ಳನ್ನು ಪಕ್ಕಕ್ಕಿಡೋಣ. ಕೆಚ್ಚಲು ಬಾವು ಸದ್ದಿನಿಂದ ಬರುವುದಿಲ್ಲ. ಅದು ಮೊಲೆತೊಟ್ಟಿನ ತೂತಿನಿಂದ ಒಳಗೆ ಹೋಗುವ ರೋಗಾಣುಗಳಿಂದ ಬರುತ್ತದೆ. ಕೊಟ್ಟಿಗೆಯ ಒದ್ದೆ ನೆಲ, ತೊಳೆಯದ ಕೈ, ತೊಟ್ಟಿಗೆ ಆದ ಗಾಯ, ಪೂರ್ತಿ ಕರೆಯದೆ ಬಿಟ್ಟ ಹಾಲು, ಇವು ಅದಕ್ಕೆ ದಾರಿ ಮಾಡಿಕೊಡುತ್ತವೆ.

ಇನ್ನು ನಿಜದ ಭಾಗ. ನಮ್ಮ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನದವರೆಗಿನ ಸದ್ದು ಕೇಳಿಸುತ್ತದೆ. ಹಸುವಿನ ಕಿವಿ ಸುಮಾರು 35,000 ಕಂಪನದವರೆಗೂ ಹಿಡಿಯುತ್ತದೆ. ಅದರ ಕಿವಿ ಅತಿ ಚುರುಕಾಗಿರುವುದು 8,000 ಕಂಪನದ ಆಸುಪಾಸಿನಲ್ಲಿ. ಅಂದರೆ ಕೀಚಲು ಸದ್ದು, ಸಿಳ್ಳೆ, ತಗಡು ಅದುರುವ ಸದ್ದು. ನಮಗೆ 'ಪರವಾಗಿಲ್ಲ' ಅನ್ನಿಸುವ ಸದ್ದು ಅದಕ್ಕೆ ಚುಚ್ಚಬಹುದು. ಪಿಕಪ್ಪಿನ ವೂಫರ್ ಗುಡುಗುವಾಗ ಬಾಡಿಯ ತಗಡೆಲ್ಲ ಜರಜರ ಎನ್ನುತ್ತದಲ್ಲ, ಹಸುವನ್ನು ಬೆಚ್ಚಿಸುವುದು ಹಾಡಿಗಿಂತ ಹೆಚ್ಚಾಗಿ ಆ ಜರಜರವೇ.

ಹಾಲು ಇಳಿಯುವುದು ಹೇಗೆಂದು ನಿಮಗೆ ಗೊತ್ತು. ಕೆಚ್ಚಲು ತೊಳೆದು ಒರೆಸಿದಾಗ, ಕರು ಬಾಯಿ ಹಾಕಿದಾಗ ಹಸುವಿನ ಮಿದುಳಿನ ಬುಡದಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಅದು ಕೆಚ್ಚಲನ್ನು ಮುಟ್ಟಿದಾಗ ಹಾಲು ಇಳಿಯುತ್ತದೆ. ಅದರ ಕೆಲಸ ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಹಸು ಬೆಚ್ಚಿದರೆ ಅಡ್ರಿನಾಲಿನ್ ಎಂಬ ಇನ್ನೊಂದು ರಸ ಹೊರಬಂದು ಮೊದಲಿನದರ ಕೆಲಸ ನಿಲ್ಲಿಸುತ್ತದೆ. ಕೆಚ್ಚಲಲ್ಲಿ ಹಾಲು ಇದ್ದರೂ ಕೈಗೆ ಬರುವುದಿಲ್ಲ. ಹೀಗೆ ಉಳಿಯುವುದು ಕೊನೆಯ ಹಾಲು, ಜಿಡ್ಡು ಹೆಚ್ಚಿರುವ ಹಾಲು. ಹಾಗಾಗಿ ಸಂಘದಲ್ಲಿ ಲೀಟರೂ ಕಡಿಮೆ, ಫ್ಯಾಟೂ ಕಡಿಮೆ. ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಸೌಂಡ್ ಜೋರು ಮಾಡಿದರೆ ನಷ್ಟ ಖಂಡಿತ.

ಹಾಗಂತ ಹಸುವಿಗೆ ಹಾಡೇ ಆಗದು ಎಂದೇನಿಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ಮಟ್ಟದಲ್ಲಿ ಕೇಳುವ ಸದ್ದಿಗೆ ಹಸು ಒಗ್ಗಿಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ ಸಣ್ಣಗೆ ರೇಡಿಯೋ ಹಾಕಿಕೊಂಡು ಹಾಲು ಕರೆಯುವವರು ನಮ್ಮಲ್ಲೂ ಇದ್ದಾರೆ. 2001ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು ಸುಮಾರು ಸಾವಿರ ಹಸುಗಳಿಗೆ ಸಂಗೀತ ಕೇಳಿಸಿ ನೋಡಿದರು. ನಿಧಾನದ ಸಂಗೀತಕ್ಕೆ ಹಾಲು ಶೇಕಡಾ 3ರಷ್ಟು ಹೆಚ್ಚಿತು. ವೇಗದ ಸಂಗೀತಕ್ಕೆ ಹೆಚ್ಚಲಿಲ್ಲ. ಹಸುವಿಗೆ ಬೇಡವಾದದ್ದು ಹಾಡಲ್ಲ, ಹಠಾತ್ತನೆ ಎರಗುವ ಸದ್ದು.

ಹಿಂದೆ ಹಸು, ಮುಂದೆ ಹಾಡು

ಕೊಟ್ಟಿಗೆಯ ಪಕ್ಕದ ಸೌಂಡಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ದನ ಏರಿಸಿದ ಗಾಡಿಯ ಸೌಂಡು. ಕೊಟ್ಟಿಗೆಯಲ್ಲಿ ಹಸು ಒಂದು ಹೆಜ್ಜೆ ಹಿಂದೆ ಸರಿಯಬಹುದು. ಗಾಡಿಯ ಬಾಡಿಯಲ್ಲಿ ಹಗ್ಗ ಕಟ್ಟಿರುತ್ತದೆ, ಕಾಲ ಕೆಳಗೆ ತಗಡು ಜಾರುತ್ತದೆ, ಮೂತಿಯಿಂದ ಒಂದು ಗೇಣು ದೂರದಲ್ಲಿ ವೂಫರ್ ಗುಡುಗುತ್ತದೆ.

ಎರಡು ವರ್ಷದ ಹಿಂದೆ ನಾನಿದ್ದ ಆಸ್ಪತ್ರೆಗೆ ತುಂಬು ಗಬ್ಬದ ಹಸುವೊಂದನ್ನು ಪಿಕಪ್ಪಿನಲ್ಲಿ ತಂದರು. ಗೇಟಿನೊಳಕ್ಕೆ ಗಾಡಿ ಬಂದಾಗಲೂ ಹಾಡು ನಿಂತಿರಲಿಲ್ಲ. ಹಿಂದಿನ ಬಾಗಿಲು ತೆಗೆದರೆ ಹಸು ಮಗ್ಗುಲಾಗಿ ಬಿದ್ದಿತ್ತು, ಹಗ್ಗ ಕತ್ತಿಗೆ ಬಿಗಿದಿತ್ತು, ಹೊಟ್ಟೆ ಉಬ್ಬರಿಸಿತ್ತು. ಮೆಲುಕು ಹಾಕುವ ಪ್ರಾಣಿ ಮಗ್ಗುಲಾಗಿ ಬಿದ್ದು ಏಳಲಾಗದೆ ಹೋದರೆ ಹೊಟ್ಟೆಯ ಗಾಳಿ ಹೊರಗೆ ಬರುವುದಿಲ್ಲ. ಹಾಗೇ ಬಿಟ್ಟರೆ ಉಸಿರು ಕಟ್ಟಿ ಸಾಯುತ್ತದೆ. ಡ್ರೈವರ್ ಹುಡುಗ ಕೆಟ್ಟವನಲ್ಲ. ಹಸು ಬಿದ್ದ ಸದ್ದೇ ಅವನಿಗೆ ಕೇಳಿಸಿರಲಿಲ್ಲ. ಐದಾರು ಜನ ಸೇರಿ ಹೊರಳಿಸಿ ಎಬ್ಬಿಸಿದೆವು. ಹಸು ಉಳಿಯಿತು. ಮೊಣಕಾಲು ಸುಲಿದುಹೋಗಿತ್ತು, ವಾರಗಟ್ಟಲೆ ಕುಂಟಿತು. ಅದರ ಒಡತಿ ಗಾಡಿಯ ಪಕ್ಕದಲ್ಲಿ ನಿಂತು ಅಳುತ್ತಿದ್ದದ್ದು ಇನ್ನೂ ಕಣ್ಣಮುಂದಿದೆ.

ಅವತ್ತಿನಿಂದ ನಾನು ಹೇಳುತ್ತಿರುವುದು ಇಷ್ಟೇ. ಗಾಡಿಯಲ್ಲಿ ದನ ಇದ್ದರೆ ಹಾಡು ಬಂದ್. ಡ್ರೈವರಿನ ಕಿವಿ ಹಿಂದಕ್ಕಿರಬೇಕು. ಬಾಡಿಗೆ ರಬ್ಬರ್ ಮ್ಯಾಟೋ ಮರಳೋ ಹಾಕಿ, ಜೊತೆಗೊಬ್ಬರು ಹಿಂದೆ ನಿಲ್ಲಿ. ಇದರಲ್ಲಿ ರಾಜಿ ಇಲ್ಲ.

ಹುಡುಗರ ಮಾತೂ ಇದೆ

ಇಷ್ಟು ಹೇಳಿ 'ಸೌಂಡ್ ಕಿತ್ತು ಬಿಸಾಡಿ' ಎಂದು ಬರೆದರೆ ನಾನು ಪ್ರಾಮಾಣಿಕಳಲ್ಲ. ನನ್ನ ಗಾಡಿಯ ಕಂಪನಿ ಸ್ಪೀಕರುಗಳನ್ನು ನಾನೇ ಬದಲಾಯಿಸಿದ್ದೇನೆ. ರಾತ್ರಿ ಹನ್ನೊಂದಕ್ಕೆ ಕರು ಅಡ್ಡ ಬಂದ ಕೇಸು ಮುಗಿಸಿ ಒಬ್ಬಳೇ ಗಾಡಿ ಓಡಿಸಿಕೊಂಡು ಬರುವಾಗ ಹಾಡೊಂದು ಜೊತೆಗಿದ್ದರೆ ಧೈರ್ಯ.

ನಿಮ್ಮ ಮಕ್ಕಳಿಗೂ ಅದೇ. ಓರಗೆಯವರೆಲ್ಲ ಬೆಂಗಳೂರಿಗೆ ಹೋದ ಮೇಲೆ ಊರಲ್ಲೇ ಉಳಿದು, ಬೆಳಗಿನ ಜಾವ ಎದ್ದು ಕ್ಯಾನು ಎತ್ತುವ ಹುಡುಗನಿಗೆ ಆ ಗಾಡಿಯೇ ಅವನ ಕೋಣೆ. ಹುಡುಗಿ ನೋಡಲು ಹೋದರೆ 'ದನ ಕಾಯೋನಿಗೆ ಹೆಣ್ಣು ಕೊಡಲ್ಲ' ಎನ್ನಿಸಿಕೊಂಡು ಬರುವ ಹುಡುಗರು ಎಷ್ಟು ಜನ ಎಂದು ನಿಮಗೇ ಗೊತ್ತು. ಅವರು ಗಾಡಿ ಸಿಂಗರಿಸಿದರೆ ಅದನ್ನು ಬರೀ ಶೋಕಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಹಾಡು ನಿದ್ದೆಯ ಬದಲಿಯಲ್ಲ. ಕಣ್ಣು ಎಳೆಯುತ್ತಿದ್ದರೆ ಸೌಂಡ್ ಜೋರು ಮಾಡುವುದಲ್ಲ, ಗಾಡಿ ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಮಲಗಬೇಕು. ಇದನ್ನು ತಾಯಂದಿರೇ ಹೇಳಬೇಕು.

ಹಾಕಿಸುವುದೇ ಆದರೆ

ಹಾಡು ಇರಲಿ, ಕ್ಯಾಬಿನ್ನಿನ ಒಳಗಿರಲಿ. ಹೀಗೆ ಮಾಡಿಸಿದರೆ ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಓದಿ ಮಗನಿಗೂ ತೋರಿಸಿ.

ಒಂದು, ಮೊದಲು ಬದಲಾಯಿಸಬೇಕಾದದ್ದು ಬಾಗಿಲಿನ ಎರಡು ಸ್ಪೀಕರುಗಳನ್ನು. ಕಂಪನಿಯವರು ಹಾಕುವುದು ತೆಳು ಕಾಗದದ, ಸಣ್ಣ ಅಯಸ್ಕಾಂತದ ಅಗ್ಗದ ಸ್ಪೀಕರ್. ಒಳ್ಳೆಯ ಎರಡು ಸ್ಪೀಕರ್ ಹಾಕಿದರೆ ಡೆಕ್ ಅದೇ ಇದ್ದರೂ ಹಾಡು ಸ್ಪಷ್ಟವಾಗುತ್ತದೆ. ಪಿಕಪ್ಪಿನ ಕ್ಯಾಬಿನ್ ಎಂದರೆ ಮೂರು ಜನ ಕೂರುವ ಜಾಗ. ಅದಕ್ಕೆ ಮದುವೆ ಮಂಟಪದ ಸೌಂಡ್ ಬೇಕಿಲ್ಲ.

ಎರಡು, ಬಾಗಿಲಿನ ಒಳಗಿನ ತಗಡಿಗೆ ಸದ್ದು ತಡೆಯುವ ಶೀಟ್ ಅಂಟಿಸಿ, ದೊಡ್ಡ ತೂತುಗಳನ್ನು ಮುಚ್ಚಿಸಿ. ತಗಡಿನ ಜರಜರ ನಿಲ್ಲುತ್ತದೆ. ಸೌಂಡ್ ಜೋರು ಮಾಡದೆಯೇ ಹಾಡು ಕೇಳಿಸುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ತನಕ ಹೋಗಬೇಕಿಲ್ಲ, ತಾಲ್ಲೂಕಿನ ಅಂಗಡಿಯಲ್ಲೂ ಆಗುವ ಕೆಲಸ.

ಮೂರು, ಆಂಪ್ಲಿಫೈಯರ್ ಬೇಕೇ ಬೇಕೆಂದರೆ ಚಿಕ್ಕದು ಸಾಕು. ಗಾಡಿಯ ಕರೆಂಟು 12 ವೋಲ್ಟ್. 240 ವಾಟ್ ಎಳೆಯುವ ಸೆಟ್ಟಿಗೆ 20 ಆಂಪಿಯರ್ ಬೇಕು. ಇಂಜಿನ್ ನಿಲ್ಲಿಸಿ ಎರಡು ಗಂಟೆ ಅಷ್ಟು ಜೋರಾಗಿ ಹಾಡಿಸಿದರೆ 70 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಬೆಳಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಗಾಡಿ ತಳ್ಳುವಷ್ಟರಲ್ಲಿ ಹಾಲು ತಡವಾಗುತ್ತದೆ. ಕರೆದ ಹಾಲು ಬೇಗ ಬಿಎಂಸಿ ಸೇರಿ 4 ಡಿಗ್ರಿಗೆ ತಣ್ಣಗಾಗದಿದ್ದರೆ ಒಡೆಯುತ್ತದೆ. ಒಬ್ಬ ಹುಡುಗನ ರಾತ್ರಿ ಹಾಡಿಗೆ ಇಡೀ ಸಂಘದ ಹಾಲು ಹಾಳಾಗಬಾರದು.

ನಾಲ್ಕು, ಬ್ಯಾಟರಿಯಿಂದ ಬರುವ ವೈರಿಗೆ ಒಂದು ಮೊಳದೊಳಗೆ ಫ್ಯೂಸ್ ಇರಲೇಬೇಕು. ವೈರು ತಗಡು ತೂರಿ ಹೋಗುವ ಜಾಗದಲ್ಲಿ ರಬ್ಬರ್ ಬುಷ್ ಇರಬೇಕು. ಇಲ್ಲದಿದ್ದರೆ ಗಾಡಿ ಅಲುಗಾಡಿ ವೈರಿನ ಮೇಲುಹೊದಿಕೆ ಸವೆದು ಶಾರ್ಟ್ ಆಗುತ್ತದೆ. ಕಂಪನಿ ವೈರುಗಳನ್ನು ಕತ್ತರಿಸಿ ಜೋಡಿಸಲು ಬಿಡಬೇಡಿ, ಅದಕ್ಕೆಂದೇ ಕಪ್ಲರ್ ಸಿಗುತ್ತದೆ.

ಐದು, ಹಿಂದಿನ ಬಾಡಿಗೆ ಸ್ಪೀಕರೂ ಬೇಡ, ವೈರೂ ಬೇಡ. ಅಲ್ಲಿ ಹಾಲು ಚೆಲ್ಲುತ್ತದೆ, ಗಂಜಲ ಬೀಳುತ್ತದೆ, ದಿನಾ ನೀರು ಹಾಕಿ ತೊಳೆಯುತ್ತೀರಿ. ಅದೇ ಬಾಡಿಯಲ್ಲಿ ನಾಳೆ ಒಣಹುಲ್ಲು ತುಂಬುತ್ತೀರಿ. ಒಂದು ಕಿಡಿ ಸಾಕು, ಹುಲ್ಲಿನ ಜೊತೆ ಗಾಡಿಯೂ ಹೋಗುತ್ತದೆ.

ಊರಿನ ವಿಷಯವೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ರಾತ್ರಿ ಎಂದೇ ಲೆಕ್ಕ. ಕ್ಯಾನು ತುಂಬಿಸಲು ಬೆಳಗ್ಗೆ ಐದೂವರೆಗೆ ಬೀದಿಗೆ ಬರುವ ಗಾಡಿಗೂ ಇದು ಅನ್ವಯ. ಆ ಬೀದಿಯಲ್ಲಿ ಹಸುಗೂಸುಗಳಿವೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಹಾಲು ಕರೆಯಲು ಕೂತಿರುವ ನೀವೇ ಇದ್ದೀರಿ.

38,000 ಎಂದರೆ ಎಷ್ಟು ಹಾಲು

ಇನ್ನು ದುಡ್ಡಿನ ಮಾತು. ನಿಮ್ಮ ಒಂದು ಹಸು ದಿನಕ್ಕೆ 10 ಲೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಹಿಂಡಿ, ಬೂಸಾ, ಮೇವು, ಔಷಧಿ ಎಲ್ಲ ಕಳೆದು ಲೀಟರಿಗೆ 10 ರೂಪಾಯಿ ಉಳಿಯಿತು ಎನ್ನಿ. ದಿನಕ್ಕೆ 100 ರೂಪಾಯಿ. 38,000 ರೂಪಾಯಿ ಎಂದರೆ ಆ ಹಸುವಿನ 380 ದಿನದ ದುಡಿಮೆ. ಒಂದು ಸೂಲಿಗೆ ನಾವು ಲೆಕ್ಕ ಹಿಡಿಯುವುದೇ 305 ದಿನದ ಹಾಲು. ಅಂದರೆ ಒಂದು ಹಸು ಗಬ್ಬ ನಿಂತು, ಕರು ಹಾಕಿ, ಬತ್ತುವ ತನಕ ಕೊಟ್ಟ ಅಷ್ಟೂ ಲಾಭ ಒಂದೇ ದಿನದಲ್ಲಿ ಗಾಡಿಯ ವೂಫರಿಗೆ ಹೋಯಿತು, ಸಾಲದ್ದಕ್ಕೆ ಮುಂದಿನ ಸೂಲಿನ 75 ದಿನವೂ ಹೋಯಿತು. ಇನ್ನೊಂದು ರೀತಿ ನೋಡಿ. ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನ 5 ರೂಪಾಯಿ ಎಂದಿಟ್ಟುಕೊಳ್ಳಿ. 38,000 ಆಗಲು 7,600 ಲೀಟರ್ ಹಾಲನ್ನು ನೀವು ಸಂಘಕ್ಕೆ ಹೊತ್ತು ಹಾಕಬೇಕು.

ನಿಮ್ಮ ಮನೆಯ ಲೆಕ್ಕ ನನ್ನ ಲೆಕ್ಕಕ್ಕಿಂತ ಬೇರೆ ಇರಬಹುದು. ಸಂಘದ ಪುಸ್ತಕ ತೆಗೆದು ನೀವೇ ಹಾಕಿ ನೋಡಿ. ಆಮೇಲೆ ಮಗನ ಜೊತೆ ಕೂತು ಅವನಿಗೂ ತೋರಿಸಿ. ಬೈದರೆ ಕೇಳದ ಹುಡುಗರು ಲೆಕ್ಕಕ್ಕೆ ತಲೆ ಬಾಗಿದ್ದನ್ನು ನಾನು ನೋಡಿದ್ದೇನೆ.

ಹಸುವಿನ ಬಾಯಿ ಎರವಲು ಬೇಡ

ಈಗ ಆ ಮನೆಗೆ ಮರಳುತ್ತೇನೆ. ಚೀಟಿ ಬರೆಯುವ ಮೊದಲು ಆ ತಾಯಿಯನ್ನು ಹಾಲು ಕರೆದು ತೋರಿಸಿ ಎಂದು ಕೇಳಿದ್ದೆ. ಹೆಬ್ಬೆರಳನ್ನು ಮಡಚಿ ತೊಟ್ಟಿಗೆ ಒತ್ತಿ ಕರೆಯುತ್ತಿದ್ದರು. ಅರ್ಧಕ್ಕೇ ನಿಲ್ಲಿಸಿ ಕೈ ಕೊಡವಿಕೊಂಡರು. ನಾಲ್ಕು ಹಸು, ದಿನಕ್ಕೆರಡು ಸಲ, ಇಪ್ಪತ್ತು ವರ್ಷ. ಹೆಬ್ಬೆರಳಿನ ಬುಡ ಊದಿತ್ತು. ಮುಷ್ಟಿ ಕಟ್ಟಿ ಕರೆಯಲು ಶಕ್ತಿ ಇಲ್ಲ. ಮಡಚಿದ ಹೆಬ್ಬೆರಳಿನಿಂದ ತೊಟ್ಟು ನೋಯುತ್ತದೆ, ಪೂರ್ತಿ ಕರೆಯಲಾಗದೆ ಕೊನೆಯ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ರೋಗಾಣುವಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕೇ?

"ಕೈ ನೋವಿಗೆ ಏನ್ ಮಾಡ್ತಿದ್ದೀರಮ್ಮ?" ಅಂದೆ.

"ಹಾಲು ಕರಿಯೋ ಮಿಷನ್ ತಕ್ಕೊಡಪ್ಪಾ ಅಂತ ಎಲ್ಡು ವರ್ಷದಿಂದ ಕೇಳ್ತಾವ್ನಿ" ಅಂದರು.

ಮಗ ಬಂದ. ನಾನು ಅವನಿಗೆ ನಿಜವನ್ನೇ ಹೇಳಿದೆ. ಹಸುವಿಗೆ ಬಾವು ಬಂದಿರೋದು ನಿನ್ನ ಸೌಂಡಿನಿಂದ ಅಲ್ಲಪ್ಪ, ನಿಮ್ಮಮ್ಮನ ಕೈ ಸೋತಿರೋದರಿಂದ. ಆ ಕೈ ಒಮ್ಮೆ ಹಿಡಿದು ನೋಡು ಅಂದೆ. ಅವನು ನೋಡಿದ. "ಅಮ್ಮ ಇಷ್ಟು ನೋವು ಅಂತ ಹೇಳೇ ಇಲ್ಲ" ಅಂದ.

"ಹೇಳ್ದೆ ಕಣಪ್ಪ. ನಿನ್ ಸೌಂಡಲ್ಲಿ ಕೇಳಿಸ್ನಿಲ್ಲ" ಅಂದರು ಅವರು.

ನನಗೆ ಆ ದಿನ ಮನಸ್ಸಿಗೆ ನಾಟಿದ್ದು ಇದು. ತನ್ನ ಕೈ ನೋವನ್ನು ಮುಂದಿಟ್ಟು ಕೇಳಿದರೆ ನಡೆಯದು, ಹಸುವಿನ ಹೆಸರು ಹೇಳಿದರೆ ನಡೆದೀತು ಎಂದು ಆ ತಾಯಿ ಲೆಕ್ಕ ಹಾಕಿದ್ದರು. ತನ್ನ ಮಾತಿಗೆ ಬೆಲೆ ಇಲ್ಲ, ಡಾಕ್ಟರ ಮಾತಿಗೆ ಇದೆ ಎಂದು ತಿಳಿದಿದ್ದರು. ಸಂಘದಲ್ಲಿ ಸದಸ್ಯತ್ವ ಅವರ ಹೆಸರಿನಲ್ಲಿದೆ. ಬಟವಾಡೆ ಅವರ ಖಾತೆಗೆ ಬರುತ್ತದೆ. ಎಟಿಎಂ ಕಾರ್ಡು ಮಾತ್ರ ಮಗನ ಜೇಬಿನಲ್ಲಿತ್ತು.

ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಕಾರ್ಡು ಯಾರ ಜೇಬಿನಲ್ಲಿದೆ? ಗಾಡಿಗೆ ಸೌಂಡ್ ಹಾಕಿಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಲಿನ ದುಡ್ಡಲ್ಲಿ ಹಾಕಿಸುವ ಮೊದಲು ಹಾಲು ಕರೆಯುವವರನ್ನು ಕೇಳಬೇಕು ಎನ್ನುತ್ತೇನೆ. ಕೊಟ್ಟಿಗೆಗೆ ಮ್ಯಾಟ್ ಬೇಕೋ, ಮೇವು ಕತ್ತರಿಸುವ ಯಂತ್ರ ಬೇಕೋ, ಗಾಡಿಗೆ ಸ್ಪೀಕರ್ ಬೇಕೋ, ಯಾವುದು ಮೊದಲು ಎಂದು ಎಲ್ಲರೂ ಕೂತು ಮಾತಾಡಿದರೆ ಸ್ಪೀಕರಿಗೂ ಒಂದು ಪಾಲು ಸಿಕ್ಕೀತು. ಹೇಳಬೇಕಾದದ್ದನ್ನು ನೇರವಾಗಿ, ನಿಮ್ಮ ಹೆಸರಲ್ಲೇ ಹೇಳಿ. ಹಸುವಿನ ಬಾಯಿ ಎರವಲು ಬೇಡ.

ಹದಿನೈದು ದಿನ ಬಿಟ್ಟು ಅದೇ ಹಸುವನ್ನು ನೋಡಲು ಹೋದೆ. ಬಾವು ಇಳಿದಿತ್ತು. ವೂಫರ್ ಪೆಟ್ಟಿಗೆಗಳು ಬಾಡಿಯಿಂದ ಇಳಿದು ಜಗಲಿಯ ಮೇಲೆ ಕೂತಿದ್ದವು, ಕೊಳ್ಳುವವರನ್ನು ಹುಡುಕುತ್ತಿದ್ದಾರಂತೆ. ಕ್ಯಾಬಿನ್ನಿನ ಸ್ಪೀಕರ್ ಹಾಗೇ ಇದೆ, ಇರಲಿ. ಯಂತ್ರ ಇನ್ನೂ ಬಂದಿಲ್ಲ. ಅದು ಬರುವ ತನಕ ಸಂಜೆಯ ಎರಡು ಹಸುವನ್ನು ಮಗ ಕರೆಯುತ್ತಿದ್ದಾನೆ, ಮುಷ್ಟಿ ಕಟ್ಟಿ.

ಹಾಲು ಕರೆಯುವ ಯಂತ್ರಕ್ಕೆ ಸಹಾಯಧನ ಇದೆಯೇ ಎಂದು ನಿಮ್ಮ ಸಂಘದ ಕಾರ್ಯದರ್ಶಿಯನ್ನು ವಿಚಾರಿಸಿ. ಯಂತ್ರ ಕೊಂಡರೆ ದಿನಾ ಬಿಸಿನೀರಲ್ಲಿ ತೊಳೆಯುವುದನ್ನು ಮರೆಯಬೇಡಿ, ತೊಳೆಯದ ಯಂತ್ರ ಸೋತ ಕೈಗಿಂತ ಕೆಟ್ಟದ್ದು. ಮುಂದಿನ ಸಭೆಯಲ್ಲಿ ಎರಡು ವಿಷಯ ನೀವೇ ಎತ್ತಿ: ಹಾಲು ಕರೆಯುವ ಹೊತ್ತಿನಲ್ಲಿ ಬೀದಿಯಲ್ಲಿ ಗಾಡಿಗಳ ಸೌಂಡ್ ಬಂದ್, ದನ ಏರಿಸಿದ ಗಾಡಿಯಲ್ಲಿ ಹಾಡು ಬಂದ್. ಠರಾವು ಬರೆಸಿ, ಸಹಿ ಹಾಕಿ.

– ಪಶುವೈದ್ಯಾಧಿಕಾರಿ